ಸಾಂಬಾರ್ ಇಲ್ಲ ಸ್ವಾಮಿ!

ಬೆಂಗಳೂರಿನಲ್ಲಿ ತಿಂಡಿಗೆ ಯಾವ ಹೋಟೆಲು ಒಳ್ಳೆಯದು ಎಂದು ತಿಳಿಯಲು ಮೊಬೈಲಿನಲ್ಲಿ ನಕ್ಷತ್ರ ಎಣಿಸುತ್ತ ಕೂರಬೇಕಾಗಿಲ್ಲ. ಅಲ್ಲಿ ಏನೇನು ಸಿಗುವುದಿಲ್ಲ ಎಂದು ವಿಚಾರಿಸಿದರೆ ಸಾಕು ಎಂಬುದು ನನ್ನ ವಾದ. ಸೌತ್ ಇಂಡಿಯನ್, ನಾರ್ತ್ ಇಂಡಿಯನ್, ಚೈನೀಸ್, ಚಾಟ್ಸ್, ಜ್ಯೂಸ್ ಎಂದು ಬೋರ್ಡು ತುಂಬ ಬರೆಸಿಕೊಂಡ ಕಡೆ ಭಟ್ಟರಿಗೆ ಯಾವುದರ ಹದ ಕೈಗೆ ಕೂತೀತು? ಗೋಬಿ ಮಂಚೂರಿಯ ಬಾಣಲೆ ಇಳಿಸುವಷ್ಟರಲ್ಲಿ ದೋಸೆ ಸೀದಿರುತ್ತದೆ. ಅದೇ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ನೋಡಿ. 1965ರಲ್ಲಿ ಶುರುವಾದದ್ದು, ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕುಡಿಯಲು ಕಾಫಿ, ಟೀ ಎನ್ನುವಷ್ಟರಲ್ಲಿ ಪಟ್ಟಿ ಹೆಚ್ಚುಕಡಿಮೆ ಮುಗಿಯುತ್ತದೆ. ಸಾಂಬಾರ್ ಇಲ್ಲವೇ ಇಲ್ಲ. ಸಾಂಬಾರಿನಲ್ಲಿ ಮುಳುಗಿದ ಇಡ್ಲಿಯ ಜೊತೆ ಅದರ ಅಪರಾಧಗಳೂ ಮುಳುಗಿಬಿಡುತ್ತವೆ. ಬರೀ ಚಟ್ನಿಯ ಎದುರು ಇಡ್ಲಿಯೇ ಜವಾಬು ಕೊಡಬೇಕು.

ಇದೆಲ್ಲ ಸೋಮಾರಿತನಕ್ಕೆ ಹೊದಿಸಿದ ಶಾಲು ಎನ್ನುವವರಿದ್ದಾರೆ. ಅವರು ರವೆ ಇಡ್ಲಿ ತಿನ್ನುವಾಗ ಸ್ವಲ್ಪ ಯೋಚಿಸಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ಹೋದಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿದೆವು ಎಂದು 1924ರಿಂದ ನಡೆದುಬಂದಿರುವ ಮಾವಳ್ಳಿ ಟಿಫಿನ್ ರೂಮ್ಸ್ (ಎಂ.ಟಿ.ಆರ್.) ಹೇಳುತ್ತದೆ. 1980ರ ದಶಕದಲ್ಲಿ ಜಯನಗರದಿಂದ ಊರೆಲ್ಲ ಹರಡಿದ ದರ್ಶಿನಿಗಳು ಕುರ್ಚಿಯನ್ನೂ ಸಪ್ಲೈಯರನ್ನೂ ತೆಗೆದುಹಾಕಿದ್ದರಿಂದಲೇ ತಿಂಡಿಯ ಬೆಲೆ ಇಳಿಯಿತು, ಪ್ಲೇಟು ಬೇಗ ಕೈಗೆ ಬಂತು. ಮಂಡಿ ನೋವಿನವರಿಗೆ ಇದು ಅನ್ಯಾಯ, ಒಪ್ಪುತ್ತೇನೆ. ಹಾಗೆಂದು ಮಧ್ಯಾಹ್ನ ಮೂರಕ್ಕೆ ‘ಇಡ್ಲಿ ಇಲ್ಲ, ವಡೆ ಇಲ್ಲ, ಹಾಲೂ ಇಲ್ಲ’ ಎನ್ನುವ ಹೋಟೆಲನ್ನೆಲ್ಲ ತಪಸ್ವಿಗಳ ಸಾಲಿಗೆ ಸೇರಿಸಲಾಗದು. ಅಲ್ಲಿರುವುದು ವ್ರತವಲ್ಲ, ಬರೀ ಖಾಲಿ ಪಾತ್ರೆ. ಬೇಡವೆಂದು ಬಿಟ್ಟದ್ದಕ್ಕೂ ಮುಗಿದುಹೋದದ್ದಕ್ಕೂ ವ್ಯತ್ಯಾಸವಿದೆ.

ನನ್ನ ವಾದಕ್ಕೆ ನಿಜವಾಗಿ ತೊಡಕಾಗುವುದು ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್. ಅಲ್ಲಿನ ಮೆನು ಕಾರ್ಡು ಓದಿ ಮುಗಿಸುವಷ್ಟರಲ್ಲಿ ಹಸಿವೆಯೇ ಬೇಸತ್ತು ಎದ್ದುಹೋದೀತು. ಆದರೂ ಆ ಜಾಗ ಹೋಗಲು ಯೋಗ್ಯ. ಅಲ್ಲಿ ಇಲ್ಲದಿರುವುದು ಅವಸರ. ಒಂದು ಕಾಫಿ ಮುಂದಿಟ್ಟುಕೊಂಡು ಸರ್ಕಾರವನ್ನು ಬೀಳಿಸಿ ಮತ್ತೆ ಕೂರಿಸುವಷ್ಟು ಹೊತ್ತು ಹರಟೆ ಹೊಡೆಯಬಹುದು. ಇನ್ನು ಅಜ್ಜಿಗೆ ಅಕ್ಕಿರೊಟ್ಟಿ, ಮೊಮ್ಮಗನಿಗೆ ನೂಡಲ್ಸ್, ಭಾವನಿಗೆ ಬಟರ್ ನಾನ್ ಬೇಕಾದ ಸಂಸಾರಗಳು ಏನು ಮಾಡಬೇಕು ಎಂದರೆ, ಧಾರಾಳವಾಗಿ ಆ ಉದ್ದ ಬೋರ್ಡಿನ ಹೋಟೆಲಿಗೇ ಹೋಗಲಿ. ಅದು ಗೃಹಶಾಂತಿಯ ಖರ್ಚು. ರುಚಿಯ ಲೆಕ್ಕಕ್ಕೆ ಬರೆಯಬಾರದು ಅಷ್ಟೆ.

ನನ್ನ ಮಾತು ನಂಬಿ ದೋಸೆಗೆ ಹೊರಡುವವರಿಗೆ ಒಂದು ಸೂಚನೆ: ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್.ಗೆ ಸೋಮವಾರ ರಜೆ, ಗಾಂಧಿಬಜಾರಿನ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ. ಊರಿಂದ ಬಂದ ನೆಂಟರನ್ನು ಆಟೋ ಹತ್ತಿಸುವ ಮೊದಲು ಕ್ಯಾಲೆಂಡರ್ ನೋಡಿಕೊಳ್ಳಿ.