ಕತ್ತರಿ ಕೆನಡಾ

ರಾಜಣ್ಣನ ಕಟಿಂಗ್ ಶಾಪಿನಲ್ಲಿ ಮೇಷ್ಟ್ರು ಕುರ್ಚಿ ಏರಿದರು.

‘ಏನ್ ಮೇಷ್ಟ್ರೇ, ಮುಖ ಸಪ್ಪಗಿದೆ?’

‘ಮಗ ಕೆನಡಾದಲ್ಲಿ ನೆಲೆಸೋಕೆ ಹೊರಟಿದ್ದಾನೆ ಕಣಯ್ಯಾ. ಐಇಎಲ್‌ಟಿಎಸ್ ಅಂತ ಇಂಗ್ಲಿಷ್ ಪರೀಕ್ಷೆ ಬರೀಬೇಕು. ಕೇಳೋದು, ಓದೋದು, ಬರೆಯೋದು, ಮಾತಾಡೋದು, ಒಂದೊಂದ್ರಲ್ಲೂ 6 ಬ್ಯಾಂಡ್ ಬೇಕು.’

‘ನನ್ ಮದುವೇಲಿ ಒಂದೇ ಬ್ಯಾಂಡು, ಊರಿಗೆಲ್ಲ ಕೇಳಿಸ್ತು. ಅಲ್ಲಾ, ನಿಮ್ಮಗ ಕಾಲೇಜಲ್ಲಿ ಇಂಗ್ಲಿಷ್ ಪಾಠ ಮಾಡ್ತಾರಲ್ವಾ?’

‘ಆದ್ರೂ ಬರೀಬೇಕು. ಲಂಡನ್ನಲ್ಲಿ ಹುಟ್ಟಿದೋನೂ ಬರೀಬೇಕು.’

‘ನ್ಯಾಯ ಅಂದ್ರೆ ಇದು! ಒಂದ್ಸಲ ಪಾಸಾದ್ರೆ ಮುಗೀತಲ್ಲ?’

‘2 ವರ್ಷ ಆದ್ಮೇಲೆ ರಿಸಲ್ಟ್ ನಡೆಯಲ್ಲ.’

‘ನನ್ ಶೇವಿಂಗ್ ಕ್ರೀಮೇ ಅದಕ್ಕಿಂತ ಬಾಳಿಕೆ ಬರುತ್ತೆ. ದುಡ್ಡೂ ಕೇಳ್ತಾರಾ?’

‘ಕೇಳಲ್ಲ, ತೋರಿಸು ಅಂತಾರೆ. 2025ರ ಲೆಕ್ಕದಲ್ಲಿ ಒಬ್ಬನಿಗೆ 15,263 ಕೆನಡಾ ಡಾಲರ್. 9 ಲಕ್ಷ ರೂಪಾಯಿ ಮೇಲಾಯ್ತು.’

‘ಸಾಲ ತಂದು ತೋರಿಸಿ.’

‘ಸಾಲ ಆಗಲ್ಲ. 6 ತಿಂಗಳ ಬ್ಯಾಂಕ್ ಲೆಕ್ಕ ನೋಡ್ತಾರೆ.’

‘ತೆಂಗಿನ ತೋಟ?’

‘ಮನೆ, ಜಮೀನು ಲೆಕ್ಕಕ್ಕಿಲ್ಲ.’

‘ಸರಿ ಬಿಡಿ. ಹೊಟ್ಟೆಪಾಡಿಗೆ ಬರೋನು ಹೊಟ್ಟೆ ತುಂಬಿಸ್ಕೊಂಡೇ ಬರ್ಬೇಕು. ನಿಧಾನಕ್ಕೆ ಕೂಡಿಡ್ಲಿ.’

‘ಆಯ್ಕೆ ಮಾಡೋದು ಪಾಯಿಂಟ್ ನೋಡಿ. ವಯಸ್ಸು 29 ದಾಟಿದ್ರೆ ವರ್ಷ ವರ್ಷ ಪಾಯಿಂಟ್ ಕತ್ತರಿಸ್ತಾರಯ್ಯಾ!’

‘ಅಬ್ಬಾ, ಕತ್ತರೀಲಿ ನನಗಿಂತ ಚುರುಕು. ಇನ್ನೇನಾದ್ರೂ ದಾರಿ?’

‘ಫ್ರೆಂಚ್ ಕಲಿತ್ರೆ ಹೆಚ್ಚುವರಿ ಪಾಯಿಂಟು.’

‘ಇಷ್ಟೆಲ್ಲಾ ಆದ್ಮೇಲೆ ಕೆಲಸ ಅವರೇ ಕೊಡ್ತಾರಾ?’

‘ಅದನ್ನ ಇವನೇ ಹುಡುಕ್ಕೋಬೇಕು.’

ರಾಜಣ್ಣ ಬಟ್ಟೆ ಕೊಡವಿದ. ‘ಮೇಷ್ಟ್ರೇ, ವಯಸ್ಸಿದೆ, ಎರಡು ಭಾಷೆ ಬರುತ್ತೆ, ಸಾಲವಿಲ್ಲ, ಬ್ಯಾಂಕಲ್ಲಿ 9 ಲಕ್ಷ. ಇಂಥ ಹುಡುಗನಿಗೆ ನಮ್ಮೂರಲ್ಲೇ ಹೆಣ್ಣು ಕೊಡ್ತಾರೆ. ಕೆನಡಾ ಯಾಕೆ?’