ಲಾರಿ ಫ್ಯೂಸ್ ಮೀಮಾಂಸೆ

ಹಳೆಯ ಲಾರಿಯಲ್ಲಿ ಫ್ಯೂಸ್ ಸುಡಿಸುವ ಶಾರ್ಟ್ ಎರಡು ವಿಧ. ಫ್ಯೂಸ್ ಹಾಕಿದ ಕೂಡಲೇ ಸುಡಿಸುವುದು ನಿತ್ಯ ಶಾರ್ಟ್; ಹಾಕಿದವನು ಕೈ ತೊಳೆದು, ಕಾಸು ಎಣಿಸಿಕೊಂಡು, ಲಾರಿ ಹೊರಟ ಮೇಲೆ ಸುಡಿಸುವುದು ನೈಮಿತ್ತಿಕ ಶಾರ್ಟ್. ನಿತ್ಯ ಶಾರ್ಟ್ ಸಜ್ಜನ, ಹುಡುಕಿದರೆ ಸಿಗುತ್ತದೆ. ನೈಮಿತ್ತಿಕವು ಮಳೆ, ಲೋಡು, ರಿವರ್ಸ್ ಗೇರು, ರಾತ್ರಿ ಹೊತ್ತಿನ ಚೆಕ್‌ಪೋಸ್ಟು ಮೊದಲಾದ ನಿಮಿತ್ತಗಳಿಗೆ ಕಾದಿದ್ದು ಪ್ರಕಟವಾಗುತ್ತದೆ. ಶಿರಾಡಿ ಘಾಟಿಯ ಮಳೆಯಲ್ಲಿ ಮೂರು ಫ್ಯೂಸ್ ನುಂಗಿದ ಲಾರಿ ಬೆಳ್ಳೂರು ಕ್ರಾಸಿನ ಬಿಸಿಲಿಗೆ ಬರುವಷ್ಟರಲ್ಲಿ ತಾನಾಗಿ ವಾಸಿಯಾಗಿರುವುದುಂಟು. ಎಲೆಕ್ಟ್ರಿಷಿಯನ್ ಅಂಗಡಿಯ ಮುಂದೆ ಪ್ರಕಟವಾದ ನಿದರ್ಶನಗಳು ವಿರಳ.

ಈ ಶಾಸ್ತ್ರದ ಮೂಲತತ್ತ್ವ ಒಂದೇ. ಬ್ಯಾಟರಿಯ ಮೈನಸ್ ತುದಿಯನ್ನು ಚಾಸಿಗೆ ಬಿಗಿದಿರುವುದರಿಂದ ಲಾರಿಯ ಕಬ್ಬಿಣವೆಲ್ಲ ಕರೆಂಟು ಹಿಂದಿರುಗುವ ದಾರಿ. ಹೋಗುವುದಕ್ಕೆ ವೈರು ಬೇಕು, ಬರುವುದಕ್ಕೆ ಬೇಡ. ತಾಮ್ರದ ಖರ್ಚು ಅರ್ಧ ಉಳಿಯಿತೆಂದು ತಯಾರಕರು ಹಿಗ್ಗಿದರು. ವೈರಿನ ಸಿಪ್ಪೆ ಎಲ್ಲಿ ಸುಲಿದರೂ ಪಕ್ಕದಲ್ಲೇ ಕಬ್ಬಿಣ ಕಾದಿರುತ್ತದೆ ಎಂಬುದು ಲಾರಿ ಹಳತಾದಂತೆ ಅನುಭವಕ್ಕೆ ಬಂತು. 12 ವೋಲ್ಟ್ ಲಾರಿಯ 5 ವ್ಯಾಟ್ ಪಾರ್ಕಿಂಗ್ ಬಲ್ಬು ಎಳೆಯುವುದು ಅರ್ಧ ಆಂಪಿಯರ್‌ಗೂ ಕಡಿಮೆ. ಬರಿ ತಾಮ್ರ ಚಾಸಿಗೆ ತಗುಲಿದರೆ ತಡೆಯುವವರೇ ಇಲ್ಲ. 1827ರಲ್ಲಿ ಓಮ್ ಬರೆದಿಟ್ಟ ನಿಯಮದಂತೆ, ಬ್ಯಾಟರಿ ಕೊಡಬಲ್ಲಷ್ಟು ಕರೆಂಟು ನುಗ್ಗುತ್ತದೆ. ಆಗ ಏನಾದರೊಂದು ಕರಗಲೇಬೇಕು. ಅದು ಫ್ಯೂಸ್ ಆಗಿರಲಿ ಎಂಬುದಷ್ಟೇ ಏರ್ಪಾಡು. ಫ್ಯೂಸ್ ಇರುವುದು ಬಲ್ಬನ್ನು ಕಾಯುವುದಕ್ಕಲ್ಲ, ವೈರನ್ನು ಕಾಯುವುದಕ್ಕೆ.

ಇದಕ್ಕೆ ಪೂರ್ವಪಕ್ಷ ಉಂಟು. ಫ್ಯೂಸ್ ಹೋಗುವುದೇ ರೋಗ, ಹೋಗದಂತೆ ಮಾಡುವುದೇ ಚಿಕಿತ್ಸೆ ಎಂದು ವಾದಿಸುವವರಲ್ಲಿ ಮೂರು ಪಂಥಗಳಿವೆ. ಮೊದಲ ಪಂಥದವರು ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತುತ್ತಾರೆ. ಎರಡನೆಯವರು ತಾಮ್ರದ ಎಳೆ ಕಟ್ಟುತ್ತಾರೆ. ಮೂರನೆಯವರು ವಿದ್ಯಾವಂತರು, 10 ಆಂಪಿಯರ್‌ನ ಕೆಂಪು ಬ್ಲೇಡ್ ಫ್ಯೂಸ್ ಕಿತ್ತು 30ರ ಹಸಿರು ಹಾಕುತ್ತಾರೆ. ಮೂರು ಮತಗಳಲ್ಲೂ ಫ್ಯೂಸ್ ಹೋಗುವುದು ನಿಲ್ಲುತ್ತದೆ ಎಂಬುದನ್ನು ಒಪ್ಪಲೇಬೇಕು. ಆದರೆ ಫ್ಯೂಸಿನ ಪದವಿ ಖಾಲಿ ಉಳಿಯುವುದಿಲ್ಲ, ಆ ಕ್ಷಣದಿಂದ ವೈರೇ ಫ್ಯೂಸ್ ಆಗುತ್ತದೆ. ಆ ಫ್ಯೂಸಿನ ಉದ್ದ ಸುಮಾರು ಲಾರಿಯ ಉದ್ದದಷ್ಟು, ಮತ್ತು ಅದು ಡ್ರೈವರ್ ಸೀಟಿನ ಪಕ್ಕದಲ್ಲೇ ಹಾದುಹೋಗುತ್ತದೆ.

ಇನ್ನು ಪ್ರಮಾಣ ವಿಚಾರ. ಹೊಗೆ ಕಂಡು ಬೆಂಕಿಯನ್ನು ಅನುಮಾನಿಸುವ ನೈಯಾಯಿಕರ ಪದ್ಧತಿ ಡ್ಯಾಶ್‌ಬೋರ್ಡಿಗೂ ಸಲ್ಲುತ್ತದೆ. ವ್ಯತ್ಯಾಸವೆಂದರೆ ಅವರು ನೋಡಿದ್ದು ಪರ್ವತವನ್ನು, ದೂರದಿಂದ. ಲಾರಿಯಲ್ಲಿ ಅನುಮಾನಕ್ಕಿಂತ ಮೊದಲು ಬ್ಯಾಟರಿ ಟರ್ಮಿನಲ್ ಕಳಚಬೇಕು, ಅದರಲ್ಲೂ ಮೈನಸ್ಸನ್ನೇ ಮೊದಲು. ಪ್ಲಸ್ ಕಳಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೆ ಎರಡನೆಯ ಶಾರ್ಟ್ ಉತ್ಪನ್ನವಾಗಿ ಗ್ರಂಥ ಬೆಳೆಯುತ್ತದೆ.

ಪ್ರತ್ಯಕ್ಷ ಪ್ರಮಾಣಕ್ಕೆ ಸತ್ತ ಫ್ಯೂಸನ್ನೇ ಬೆಳಕಿಗೆ ಹಿಡಿಯಬೇಕು. ಗಾಜಿನ ಫ್ಯೂಸಿನೊಳಗಿನ ತಂತಿ ನಡುವೆ ಕರಗಿ ಗಾಜು ತಿಳಿಯಾಗಿದ್ದರೆ ಅದು ಅತಿಭಾರದ ಸಾವು: ಕ್ಯಾಬಿನ್ ಮೇಲಿನ ಬಣ್ಣದ ಲೈಟು, ದೇವರ ಫೋಟೋದ ಸೀರಿಯಲ್ ಸೆಟ್ಟು, ಮ್ಯೂಸಿಕ್ ಹಾರ್ನು ಎಲ್ಲ ಒಂದೇ ವೈರಿಗೆ ಜೋತುಬಿದ್ದ ಫಲ. ಇಂಥ ಸಾವು ನಿಧಾನ. ಅಳತೆಗಿಂತ ಮೂರನೇ ಒಂದು ಭಾಗ ಹೆಚ್ಚು ಕರೆಂಟನ್ನು ಬ್ಲೇಡ್ ಫ್ಯೂಸ್ ಕೆಲವು ನಿಮಿಷ ತಾಳಿಕೊಳ್ಳುವುದೂ ಉಂಟು. ಗಾಜು ಕಪ್ಪಿಟ್ಟು ಒಳಗೆ ಬೆಳ್ಳಿಯ ಲೇಪ ಹತ್ತಿದ್ದರೆ ಅದು ಸಾಕ್ಷಾತ್ ಶಾರ್ಟ್.

ಶಬ್ದ ಪ್ರಮಾಣವೆಂದರೆ ಆಪ್ತವಾಕ್ಯ, ಅಂದರೆ ಡ್ರೈವರ್ ಹೇಳಿದ ಮಾತು. "ಏನೂ ಮಾಡಿಲ್ಲಣ್ಣ, ಸುಮ್ನೆ ಹೋಯ್ತು" ಎಂಬ ಪಾಠ ಎಲ್ಲ ಪ್ರಾಂತ್ಯಗಳಲ್ಲೂ ಒಂದೇ ರೂಪದಲ್ಲಿ ದೊರೆಯುವುದರಿಂದ ಇದನ್ನು ಪ್ರಕ್ಷಿಪ್ತವೆಂದು ತಳ್ಳಿಹಾಕಬಹುದು. ಕ್ಲೀನರ್ ಹುಡುಗನ ಪಾಠಾಂತರ ಹೆಚ್ಚು ವಿಶ್ವಾಸಾರ್ಹ. "ಮೊನ್ನೆ ಹಿಂದ್ಗಡೆ ಬೋರ್ಡ್ ಹೊಡ್ಸಿದ್ವಲ್ಲಣ್ಣ" ಎಂದು ಅವನು ಬಾಯಿಬಿಟ್ಟ ಕೂಡಲೇ ಆ ಬೋರ್ಡಿನ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ ನೋಡುವುದು ಲೇಸು. ಅವುಗಳಲ್ಲಿ ಒಂದರ ತುದಿಗೆ ತಾಮ್ರದ ಪುಡಿ ಅಂಟಿರುತ್ತದೆ.

ಈ ಮೂರೂ ಕೈಕೊಟ್ಟಾಗ ಅನುಪಲಬ್ಧಿ, ಅಂದರೆ ಇಲ್ಲದಿರುವುದನ್ನು ನೋಡಿ ತಿಳಿಯುವುದು. ಭಾಟ್ಟ ಮೀಮಾಂಸಕರು ಇದನ್ನು ಆರನೆಯ ಪ್ರಮಾಣವೆಂದು ಎಣಿಸಿದ್ದಾರೆ. ಆಟೋ ಎಲೆಕ್ಟ್ರಿಷಿಯನ್‌ಗಳು ಮೊದಲನೆಯದೆಂದು ಎಣಿಸುತ್ತಾರೆ. ಅದರ ಸಾಧನ ಹೋಲ್ಡರಿಗೆ ಎರಡು ವೈರು ಜೋಡಿಸಿದ ಒಂದು 21 ವ್ಯಾಟ್ ಬ್ರೇಕ್ ಲೈಟ್ ಬಲ್ಬು. ಬ್ಯಾಟರಿಯನ್ನು ಮತ್ತೆ ಜೋಡಿಸಿ, ಫ್ಯೂಸ್ ಕಿತ್ತು ಆ ಜಾಗದಲ್ಲಿ ಇದನ್ನು ಸಿಕ್ಕಿಸಿ, ಆ ದಾರಿಯ ಬಲ್ಬುಗಳನ್ನೆಲ್ಲ ಕಳಚಿ, ಸ್ವಿಚ್ ಒತ್ತಬೇಕು. ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ. ಹರಿಯುವುದು ಎರಡು ಆಂಪಿಯರ್ ಒಳಗೇ ಆದ್ದರಿಂದ ಏನೂ ಸುಡುವುದಿಲ್ಲ, ಫ್ಯೂಸಿನ ಖರ್ಚೂ ಇಲ್ಲ. ಇನ್ನು ಹಿಂದಿನಿಂದ ಒಂದೊಂದೇ ಕನೆಕ್ಟರ್ ಬಿಚ್ಚುತ್ತ ಬರಬೇಕು. ಯಾವುದನ್ನು ಬಿಚ್ಚಿದಾಗ ಬಲ್ಬು ಆರಿತೋ ಅದರ ಆಚೆಗೆ ಶಾರ್ಟ್. ಕನೆಕ್ಟರನ್ನು ಮತ್ತೆ ಜೋಡಿಸಿ, ಆ ಭಾಗದ ವೈರನ್ನು ಒಬ್ಬ ಚಾಸಿಯ ಕೆಳಗೆ ಮಲಗಿ ಅಲುಗಾಡಿಸುತ್ತಾನೆ, ಇನ್ನೊಬ್ಬ ಕ್ಯಾಬಿನ್ನಿನಲ್ಲಿ ಬಲ್ಬು ನೋಡುತ್ತಾನೆ. ಆಗಿನ ಸಂವಾದ ಪ್ರಶ್ನೋಪನಿಷತ್ತಿಗಿಂತ ಸರಳ:

"ಆರ್ತಾ?"

"ಇಲ್ಲಣ್ಣ."

"ಈಗ?"

"ಇಲ್ಲ."

"ಈಗ್ಲೋ?"

"ಆರ್ತು! ಅಯ್, ಮತ್ತೆ ಹತ್ಕೊಂತು."

ಕೈ ಇದ್ದಲ್ಲೇ ನಿಲ್ಲಬೇಕು. ಪೀಠಿಕೆ ಮುಗಿದು ಗ್ರಂಥ ಆರಂಭವಾಗುವುದು ಇಲ್ಲಿಂದ.

ಆಧುನಿಕರು ಮಲ್ಟಿಮೀಟರ್ ತರುತ್ತಾರೆ. ಅದರ ಬೀಪ್ ಸದ್ದು ಶಾರ್ಟಿಗೂ ಬಲ್ಬಿಗೂ ಭೇದವೆಣಿಸದ ಪರಮಹಂಸ. 12 ವೋಲ್ಟಿನ 21 ವ್ಯಾಟ್ ಬಲ್ಬು ಉರಿಯುವಾಗ ಸುಮಾರು 7 ಓಮ್ ತಡೆಯೊಡ್ಡುತ್ತದೆ. ತಣ್ಣಗಿರುವಾಗ ಅದರ ಹತ್ತರಲ್ಲೊಂದು ಪಾಲು ಮಾತ್ರ. ಬಲ್ಬು ಕಳಚದೆ ಮೀಟರ್ ಹಿಡಿದವರು ಆರೋಗ್ಯವಾಗಿದ್ದ ವೈರನ್ನು ಕತ್ತರಿಸಿ, ಮುಂದಿನ ಪೀಳಿಗೆಗೆ ಒಂದು ಜಾಯಿಂಟು ಬಿಟ್ಟುಹೋಗುತ್ತಾರೆ.

ಜಾಯಿಂಟುಗಳ ಅಧ್ಯಯನವೇ ಈ ಶಾಸ್ತ್ರದ ಪುರಾತತ್ತ್ವ ಶಾಖೆ. ಟೇಪನ್ನು ಪದರ ಪದರವಾಗಿ ಬಿಚ್ಚಿದರೆ ಮೇಲೆ ಈಚಿನ ಕಪ್ಪು ಟೇಪು, ಅದರಡಿ ಅಂಟೆಲ್ಲ ಕರಗಿ ಜಿನುಗುವ ಕೆಂಪು ಟೇಪು, ಅದರಡಿ ಪ್ಲಾಸ್ಟಿಕ್ ಕವರಿನ ತುಂಡು, ತಳದಲ್ಲಿ ಹಸಿರು ಕಿಲುಬು ಹಿಡಿದ ತಾಮ್ರ. ಕಂಪನಿಯ ವೈರಿಂಗ್ ನಕ್ಷೆಯ ಬಣ್ಣಗಳು ಮೊದಲ ಜಾಯಿಂಟಿನವರೆಗೆ ಮಾತ್ರ ಪ್ರಾಮಾಣಿಕ. ಹಸಿರಾಗಿ ಹೊರಟ ವೈರು ನಡುವೆ ಹಳದಿಯಾಗಿ, ಹಿಂದಿನ ಲೈಟಿನ ಬಳಿ ಮನೆಯ ವೈರಿಂಗಿನ ಕೆಂಪು ತುಂಡಾಗಿ ಅವತರಿಸುತ್ತದೆ. ನಕ್ಷೆಯನ್ನು ನಂಬಿ ಹಸಿರನ್ನೇ ಅರಸಿದ ಪಂಡಿತರು ಚಾಸಿಯ ಕೆಳಗಿಂದ ಹೊರಬರಲು ಸಂಜೆಯಾಗುತ್ತದೆ.

ಶಾರ್ಟ್ ನೆಲೆಸುವ ಕ್ಷೇತ್ರಗಳು ಬಹುಮಟ್ಟಿಗೆ ಗೊತ್ತಿರುವಂಥವೇ. ಕ್ಯಾಬಿನ್ನಿನಿಂದ ಇಂಜಿನ್ ಕಡೆಗೆ ವೈರು ದಾಟುವ ತೂತಿನ ರಬ್ಬರ್ ಬುಷ್ ಒಣಗಿ ಬಿದ್ದುಹೋಗಿ, ತಗಡಿನ ಅಂಚು ವರ್ಷಗಟ್ಟಲೆ ವೈರನ್ನು ಅರೆದಿರುತ್ತದೆ. ಸೈಲೆನ್ಸರಿನ ಬಳಿ ಸಿಪ್ಪೆ ಕರಗಿರುತ್ತದೆ. ಹಿಂದಿನ ಲೈಟಿನ ಹೋಲ್ಡರಿನಲ್ಲಿ ಕೆಸರು ತುಂಬಿರುತ್ತದೆ. ಅಕ್ಕಿ ಗಿರಣಿಯ ಮುಂದೆ ರಾತ್ರಿ ಕಳೆಯುವ ಲಾರಿಗಳಲ್ಲಿ ಇಲಿಗಳ ಪಾತ್ರವನ್ನು ಅಲ್ಲಗಳೆಯಲಾಗದು. ಲೋಡು ಹಾಕಿದಾಗ ಮಾತ್ರ ಫ್ಯೂಸ್ ಹೋಗುವ ಲಾರಿಯಲ್ಲಿ, ಸ್ಪ್ರಿಂಗ್ ಪ್ಲೇಟು ಕುಗ್ಗಿ ಚಾಸಿ ಕೆಳಗಿಳಿದಾಗ ಯಾವ ವೈರು ನಲುಗುತ್ತದೆಂದು ನೋಡಬೇಕು. ಖಾಲಿ ಲಾರಿಯನ್ನು ಎಷ್ಟು ಪರೀಕ್ಷಿಸಿದರೂ ಅದು ನಿರಪರಾಧಿಯೇ.

ಚಿಕಿತ್ಸೆಗೆ ಹೆಚ್ಚು ಮಾತು ಬೇಡ. ಕಿಲುಬು ಹಿಡಿದಷ್ಟನ್ನೂ ಕತ್ತರಿಸಿ, ಅದೇ ದಪ್ಪದ ವೈರು ಸೇರಿಸಿ, ಬೆಸುಗೆ ಹಾಕಿ, ಸ್ಲೀವ್ ತೊಡಿಸಿ, ಹೊಸ ರಬ್ಬರ್ ಬುಷ್ ಕೂರಿಸಿ, ಕಬ್ಬಿಣಕ್ಕೆ ಉಜ್ಜದಂತೆ ಕ್ಲಿಪ್ ಬಿಗಿಯಬೇಕು. ಬಳಿಕ ಸರಿಯಾದ ಆಂಪಿಯರ್‌ನ ಫ್ಯೂಸ್ ಹಾಕಿ ಲೈಟು, ಬ್ರೇಕು, ಇಂಡಿಕೇಟರು, ರಿವರ್ಸ್ ಎಲ್ಲವನ್ನೂ ಒಟ್ಟಿಗೆ ಚಾಲೂ ಮಾಡಿ, ಹಿಂದಿನ ಲೈಟಿನ ಮೇಲೆ ಒಂದು ಬಕೆಟ್ ನೀರು ಸುರಿದು ಕಾಯಬೇಕು. ಫ್ಯೂಸ್ ಉಳಿದರೆ ಅದೇ ಬಾಕ್ಸಿನ ಅಕ್ಕಪಕ್ಕದ ಮನೆಗಳಲ್ಲಿರುವ ಬೆಳ್ಳಿ ಕಾಗದಗಳನ್ನೂ ತೆಗೆದು ನಿಜವಾದ ಫ್ಯೂಸ್ ಹಾಕತಕ್ಕದ್ದು. ಅವುಗಳಲ್ಲಿ ತಕ್ಷಣ ಸುಟ್ಟುಹೋಗುವಂಥವು ಎರಡನೆಯ ಸಂಪುಟದ ವಿಷಯ. ಲಾರಿ ಮಾತ್ರ ಅದೇ.