ಬೊಡ್ಡೆ ಮಾಲೀಕರ ಕೈಪಿಡಿ

ಮರ ಕಡಿಸಿದ್ದಕ್ಕೆ ಅಭಿನಂದನೆಗಳು. ಈಗ ನೀವೊಂದು ಬೊಡ್ಡೆಯ ಮಾಲೀಕರು. ಇದಕ್ಕೆ ವಾರಂಟಿ ಇಲ್ಲ, ವಾಪಸ್ ತೆಗೆದುಕೊಳ್ಳುವ ಪದ್ಧತಿಯೂ ಇಲ್ಲ. ಕಡಿದವನು ಕೊಂಬೆ, ದಿಮ್ಮಿಗಳನ್ನೆಲ್ಲ ಟೆಂಪೋಗೆ ತುಂಬಿ, ದುಡ್ಡು ಎಣಿಸಿ ಜೇಬಿಗಿಟ್ಟ ಮೇಲೆ “ಬುಡ ಬೇರೆ ರೇಟು ಸಾರ್” ಎಂದಿರುತ್ತಾನೆ. ಈ ಕೈಪಿಡಿ ಬೇಕಾಗುವುದು ಆಗಲೇ.

ಬಳಸುವ ಮುನ್ನ

ನಿಮ್ಮದು ಯಾವ ಮಾಡೆಲ್ ಎಂದು ಖಚಿತಪಡಿಸಿಕೊಳ್ಳಿ. ತೆಂಗಾದರೆ ನೀವು ಪುಣ್ಯವಂತರು. ಅದಕ್ಕೆ ತಾಯಿಬೇರಿಲ್ಲ, ಬುಡದ ಸುತ್ತ ಇರುವ ಸಾವಿರಾರು ಸಣ್ಣ ಬೇರುಗಳು ಹಾರೆಯ ಮಾತು ಕೇಳುತ್ತವೆ. ಸುಳಿ ಹೋದ ಮೇಲೆ ಮತ್ತೆ ಚಿಗುರುವ ಆಸೆಯನ್ನೂ ಇಟ್ಟುಕೊಳ್ಳುವುದಿಲ್ಲ. ಹೊಂಗೆ, ಬೇವು ಹಾಗಲ್ಲ, ಕಡಿದಷ್ಟೂ ಹುರುಪು. ನೀಲಗಿರಿಯ ಹಟವಂತೂ ಒಂದು ದಂಧೆಯನ್ನೇ ಸಾಕಿದೆ: ಒಮ್ಮೆ ನೆಟ್ಟವರು ಅದೇ ಬುಡದಿಂದ ಮತ್ತೆ ಮತ್ತೆ ಕಟಾವು ಮಾಡುತ್ತಾರೆ. ಗಂಧದ ಮರದಲ್ಲಿ ಎಣ್ಣೆ ಹೆಚ್ಚಿರುವುದು ಬೇರಿನಲ್ಲಿ, ಹಾಗಾಗಿ ಕ್ರಮಬದ್ಧವಾಗಿ ತೆಗೆಯುವವರು ಬುಡಸಮೇತ ಅಗೆದು ಒಯ್ಯುತ್ತಾರೆ. ರಾತ್ರಿ ಬರುವ ಕಳ್ಳರು ಮಾತ್ರ, ಪಾಪ ಅವಸರದವರು, ಬೊಡ್ಡೆಯನ್ನು ನಿಮಗೇ ಬಿಟ್ಟುಹೋಗುತ್ತಾರೆ.

ಕಾನೂನು ಎಚ್ಚರಿಕೆ: ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ತೆಂಗು, ನೀಲಗಿರಿ, ಸಿಲ್ವರ್ ಓಕ್‌ನಂಥ ಕೆಲವಕ್ಕೆ ವಿನಾಯಿತಿ ಉಂಟು. ಅನುಮತಿಯಿಲ್ಲದೆ ಮಾವು ಕಡಿಸಿದ್ದರೆ ನಿಮ್ಮ ಅಂಗಳದಲ್ಲಿ ನಿಂತಿರುವುದರ ಹೆಸರು ಸಾಕ್ಷಿ. ಸಾಕ್ಷಿನಾಶಕ್ಕೆ ಈ ಕೈಪಿಡಿಯನ್ನು ಬಳಸತಕ್ಕದ್ದಲ್ಲ.

ಆಸಿಡ್, ಕಲ್ಲುಪ್ಪು, ಮೈಲುತುತ್ತ ಎಂದು ಸಲಹೆ ಕೊಡುವವರಿಗೆ ಕಾಫಿ ಕೊಟ್ಟು ಕಳಿಸಿ. ಹತ್ತಡಿ ದೂರದಲ್ಲಿ ನಿಮ್ಮ ಸಂಪು ಇದೆ, ಪಕ್ಕದಲ್ಲಿ ಕರಿಬೇವಿದೆ. ಹಿಂಗಿನ ನೀರು ಹೊಯ್ದರೆ ಬೇರು ಸಾಯುತ್ತದೆ ಎಂಬುವರೂ ಬರುತ್ತಾರೆ. ಹಿಂಗಿನ ಈಗಿನ ಬೆಲೆಗೆ ಅದನ್ನು ಸಾರಿಗೆ ಹಾಕುವುದೇ ಲೇಸು.

ಹಂತ 1

ಕಾಂಡವನ್ನು ಎದೆಮಟ್ಟಕ್ಕೆ ಬಿಟ್ಟು ಕಡಿಸಿ.

ಈ ಹಂತ ನಿಮ್ಮ ಕೈಮೀರಿದೆ ಎಂದು ಗೊತ್ತು. “ನೀಟಾಗಿ ನೆಲಮಟ್ಟಕ್ಕೆ ಕುಯ್ದುಬಿಡಪ್ಪ” ಎಂದವರು ನೀವೇ. ಎದೆಮಟ್ಟದ ಕಾಂಡವೇ ಸನ್ನೆಕೋಲು. ಅದರ ನೆತ್ತಿಗೆ ಹಗ್ಗ ಕಟ್ಟಿ ಜಗ್ಗಿದರೆ ಬುಡ ತಾನಾಗಿ ಅಲುಗುತ್ತಿತ್ತು. ಹಳ್ಳಿಗಳಲ್ಲಿ ಮರ ನಿಂತಿರುವಾಗಲೇ ಬುಡ ಬಿಡಿಸಿ ಬೇರು ಕಡಿಯುತ್ತಿದ್ದರು. ಬೊಡ್ಡೆ ಕೀಳುವ ಕೂಲಿಯನ್ನು ಮರದ ಭಾರವೇ ಮಾಡಿಕೊಡುತ್ತಿತ್ತು. ಮೂವತ್ತು–ನಲವತ್ತರ ಸೈಟಿನಲ್ಲಿ ಹಾಗೆ ಬೀಳಿಸಿದರೆ ಮರ ಎದುರುಮನೆಯವರ ಬಾಲ್ಕನಿಗೆ ಒರಗುತ್ತದೆ, ನಿಜ. ಆದರೆ ನಾಲ್ಕಡಿ ಕಾಂಡ ಉಳಿಸಲು ಯಾರ ಅಡ್ಡಿಯೂ ಇರಲಿಲ್ಲ.

ಹಂತ 2

ಬೊಡ್ಡೆಯಿಂದ ಎರಡಡಿ ಬಿಟ್ಟು ಸುತ್ತ ಅಗೆಯಿರಿ. ಹಿಂದಿನ ದಿನ ನೀರು ನಿಲ್ಲಿಸಿ; ಒಣಗಿದ ಕೆಂಪುಮಣ್ಣಿನಲ್ಲಿ ಪಿಕಾಸಿ ಕಿಡಿ ಹಾರಿಸುತ್ತದೆಯೇ ಹೊರತು ಇಳಿಯುವುದಿಲ್ಲ. ಬೇರು ಕಂಡ ಕೂಡಲೇ ಕೊಡಲಿ ಬೀಸಬೇಡಿ. ಪೈಪು ಹಿಡಿದು ಜೋರಾಗಿ ನೀರು ಬಿಟ್ಟು ಮಣ್ಣು ತೊಳೆಯಿರಿ. ಮಾವಿನ ಬೇರಿನ ಕಂದು ಸಿಪ್ಪೆ ಹೊಳೆಯತೊಡಗುತ್ತದೆ, ಅದರ ಕಂಕುಳಲ್ಲಿ ಅವುಚಿಕೊಂಡ ಜಲ್ಲಿಕಲ್ಲು, ಮನೆ ಕಟ್ಟಿದಾಗಿನ ಇಟ್ಟಿಗೆ ಚೂರು, ಯಾರದೋ ಪ್ಲಾಸ್ಟಿಕ್ ಚಮಚ ಕಾಣುತ್ತವೆ. ಈ ಕಲ್ಲುಗಳನ್ನು ಒಂದೊಂದಾಗಿ ಆರಿಸಿ ತೆಗೆದ ಮೇಲಷ್ಟೇ ಕೊಡಲಿ. ಇಲ್ಲವಾದರೆ ಬಾಯಿ ಮುಕ್ಕಾಗುತ್ತದೆ. ಮೆಷಿನ್ ಗರಗಸವನ್ನಂತೂ ಮಣ್ಣಿಗೆ ತಾಕಿಸಲೇಬೇಡಿ. ಕ್ಷಣದಲ್ಲಿ ಸರಪಳಿಯ ಹಲ್ಲು ಮೊಂಡಾಗುತ್ತದೆ. ಉದ್ದಕ್ಕೆ, ನೇರಕ್ಕೆ, ಬೂದು ಬಣ್ಣದಲ್ಲಿ ಹೋಗುವ ಬೇರು ಸಿಕ್ಕರೆ ನಿಲ್ಲಿಸಿ. ಅದು ನಿಮ್ಮ ಮನೆಯ ನೀರಿನ ಪೈಪು.

ಈ ಹೊತ್ತಿಗೆ ಕಾಂಪೌಂಡಿನಾಚೆಯಿಂದ ಒಂದು ತಲೆ ಮೂಡಿ “ಏನ್ ಸಾರ್, ನಿಧಿ ಸಿಕ್ತಾ?” ಎನ್ನುತ್ತದೆ. ನಗಬೇಕು. ಬೀದಿಗೆ ಎಷ್ಟು ತಲೆಯೋ ಅಷ್ಟು ಸಲ ನಗಬೇಕು.

ಹಂತ 2 (ಮತ್ತೆ)

ಪಕ್ಕದ ಬೇರೆಲ್ಲ ಕಡಿದರೂ ಬೊಡ್ಡೆ ಅಲುಗದು. ತಾಯಿಬೇರು ಕೆಳಗಿದೆ. ಇನ್ನೂ ಅಗೆಯಿರಿ. ಒಂದು ಮಗ್ಗುಲಿಗೆ ಹಾರೆ ಕೊಟ್ಟು, ಬೀಳುವ ಹಲ್ಲನ್ನು ಮಗು ನಾಲಿಗೆಯಲ್ಲಿ ಆಡಿಸುವಂತೆ ಅತ್ತಿತ್ತ ಆಡಿಸಿ, ಸಂದು ಬಿಟ್ಟಲ್ಲಿ ಕಡಿಯಿರಿ. ಚೈನ್ ಪುಲ್ಲಿ ತಂದಿದ್ದರೆ ಅದರ ಇನ್ನೊಂದು ತುದಿಯನ್ನು ಪಕ್ಕದವರ ಕಾಂಪೌಂಡಿಗೆ ಕಟ್ಟಬೇಡಿ. ಬೊಡ್ಡೆ ಗೆಲ್ಲುತ್ತದೆ.

ಸೋಮಾರಿಗಳಿಗೆ ಅನುಬಂಧ

ಬೈರಿಗೆಯಲ್ಲಿ ತೂತು ಕೊರೆದು, ಸಗಣಿ ನೀರು ತುಂಬಿ, ಒದ್ದೆ ಗೋಣಿ ಹೊದಿಸಿ ಮಣ್ಣು ಮುಚ್ಚಿ. ತೇವ ಆರದಿದ್ದರೆ ಶಿಲೀಂಧ್ರಗಳು ಸಂಬಳವಿಲ್ಲದೆ ದುಡಿಯುತ್ತವೆ. ನುಗ್ಗೆ, ಹಾಲವಾಣ ಬೇಗ ಕರಗುತ್ತವೆ. ಹುಣಸೆಯಾದರೆ ವರ್ಷಗಟ್ಟಲೆ ಕಾಯಬೇಕು. ಗೆದ್ದಲೂ ಬರುತ್ತದೆ, ಬಲು ಕೆಲಸಗಾರ ಜಾತಿ. ಇಲ್ಲಿ ಮುಗಿಸಿ ನೇರ ನಿಮ್ಮ ಬಾಗಿಲ ಚೌಕಟ್ಟಿಗೆ ಹೋಗುತ್ತದೆ.

ಭತ್ತದ ಹೊಟ್ಟು ತುಂಬಿ ಸುಡುವ ಉಪಾಯ ಹೊಲಕ್ಕೆ ಸರಿ. ಊರೊಳಗೆ ಬೇಡ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ; ಬೊಡ್ಡೆ ಕಸವೋ ಅಲ್ಲವೋ ಎಂದು ವಾದಿಸಲು ವಕೀಲರ ಫೀಸು ಬೇರೆ. ಜೆಸಿಬಿ? ಬೊಡ್ಡೆಯನ್ನು ಐದು ನಿಮಿಷದಲ್ಲಿ ಕೀಳುತ್ತದೆ. ಅದಕ್ಕೂ ಮೊದಲು ಗೇಟು.

ಬಳಕೆಯ ನಂತರ

ಗುಂಡಿಯನ್ನು ಪದರ ಪದರವಾಗಿ ಮುಚ್ಚಿ, ದಿಮ್ಮಿಸಿ, ಒಂದು ಮಳೆಗಾಲ ಕಳೆಯುವವರೆಗೆ ಮೇಲೆ ಟೈಲ್ಸ್ ಹಾಕಿಸಬೇಡಿ. ಉಳಿದ ಬೇರು ಕೊಳೆತಂತೆ ನೆಲ ಕುಸಿಯುತ್ತದೆ.

ಕಿತ್ತ ಬೊಡ್ಡೆ ಗೇಟಿನ ಪಕ್ಕ ಬಿದ್ದಿರುತ್ತದೆ. ಅದನ್ನು ಕಂಡರೆ ಕಸದ ಗಾಡಿ ವೇಗ ಹೆಚ್ಚಿಸುತ್ತದೆ. ಹುಣಸೆಯದಾಗಿದ್ದರೆ ಮಟನ್ ಅಂಗಡಿಯವರು ಕೊಚ್ಚುವ ಕೊರಡಿಗೆಂದು ಕೇಳಿಯಾರು. ಮಾವಿಗೆ ಇರುವುದು ಮದುವೆ ಅಡುಗೆಯ ಕಂಟ್ರಾಕ್ಟರರೇ, ಫೋನ್ ಮಾಡಿದರೆ ಸಂತೋಷದಿಂದ ಒಪ್ಪುತ್ತಾರೆ: “ಸೀಳಿಸಿ ಇಟ್ಟಿರಿ ಸಾರ್, ಗಾಡಿ ಕಳಿಸ್ತೀನಿ.”